ಗೋವಾದ ಹಿತ್ತಲಲ್ಲಿ ಬಾತುಕೋಳಿ: ಕಳೆದುಕೊಳ್ಳದೆ ಸಾಕುವುದು ಹೇಗೆ?

ಗೋವಾದಲ್ಲಿರುವ ನಮ್ಮ ಕನ್ನಡದವರು ಹಿತ್ತಲಿಗೆ ನಾಲ್ಕಾರು ಬಾತುಕೋಳಿ ತಂದು ಬಿಟ್ಟ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಿನ್ನೆ ಸಂಜೆ ಹತ್ತಿದ್ದವು, ಬೆಳಿಗ್ಗೆ ನೋಡಿದರೆ ಎಂಟೇ ಇವೆ, ಏನು ಮಾಡೋದು?" ಮಡಗಾಂವ್‌ನವರಿಗೆ ಒಂದು ಸಲ, ಫೋಂಡಾದವರಿಗೆ ಇನ್ನೊಂದು ಸಲ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ.

ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಬಂದವರಲ್ಲಿ ಹೆಚ್ಚಿನವರು ಊರಲ್ಲಿ ಜವಾರಿ ಕೋಳಿ ಸಾಕಿದವರೇ. ಆ ರೂಢಿಯೇ ಇಲ್ಲಿ ಕೈಕೊಡುತ್ತದೆ. ಕೋಳಿ ಹೊತ್ತು ಮುಳುಗುವಾಗ ತಾನೇ ಗೂಡಿಗೆ ಬರುತ್ತದೆ, ಇಲ್ಲವೇ ಮರ ಹತ್ತಿ ಕೂರುತ್ತದೆ. ಬಾತು ಎರಡನ್ನೂ ಮಾಡುವುದಿಲ್ಲ. ಕತ್ತಲಾದರೂ ಕೆಸರಲ್ಲಿ ಕೊಕ್ಕು ಆಡಿಸುತ್ತಾ ಹೊರಗೇ ಇರುತ್ತದೆ, ಮಲಗುವುದು ನೆಲದ ಮೇಲೆ, ಸಾಕುತಳಿಗಳಲ್ಲಿ ಹೆಚ್ಚಿನವಕ್ಕೆ ಮೈಭಾರದಿಂದ ಹಾರಲೂ ಆಗುವುದಿಲ್ಲ. ತಿರುಗಿ ಬೀಳಲು ಚೂಪು ಕೊಕ್ಕಿಲ್ಲ, ಉಗುರಿಲ್ಲ. ಅದನ್ನು ಕಾಯುವ ಕೆಲಸ ಪೂರ್ತಿ ನಿಮ್ಮದೇ. ಹಾಗಾಗಿ ಮೊದಲು ಗೂಡು, ಆಮೇಲೆ ಬಾತು. ಮರಿ ತಂದು ರಟ್ಟಿನ ಡಬ್ಬದಲ್ಲಿಟ್ಟು "ಮುಂದಿನ ವಾರ ಗೂಡು ಮಾಡೋಣ" ಎನ್ನಬೇಡಿ, ಆ ಮುಂದಿನ ವಾರ ಬರುವುದೇ ಇಲ್ಲ.

ಬೇಕಾಗುವ ಸಾಮಾನು ಇಷ್ಟು: ನೆಲಗಟ್ಟಿಗೆ ಕೆಂಪುಕಲ್ಲು, ಅರ್ಧ ಇಂಚಿನ ವೆಲ್ಡ್ ಮೆಶ್, ಮೇಲೆ ಹಾಕಲು ತಗಡು, ಎರಡು ಚಿಲಕ, ಭತ್ತದ ಹೊಟ್ಟು, ಆಳವಾದ ಒಂದು ಟಬ್, ಮುಚ್ಚಳವಿರುವ ಡ್ರಮ್. ಜೊತೆಗೆ ದಿನಾ ಸಂಜೆ ಮನೆಯಲ್ಲಿರುವ ಒಬ್ಬರು. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿ, ಪಂಚಾಯತಿಯ ನಿಯಮವನ್ನೂ ವಿಚಾರಿಸಿ. ದೊಡ್ಡದಾಗಿ ಕೂಗುವುದು ಹೆಣ್ಣು ಬಾತು. ಗಂಡಿನ ದನಿ ಗೊಗ್ಗರು, ಪಕ್ಕದ ಮನೆಗೂ ಕೇಳುವುದಿಲ್ಲ.

1. ನಿಮ್ಮ ಹಿತ್ತಲಿಗೆ ಯಾರು ಬರುತ್ತಾರೆ ಅಂತ ತಿಳಿದುಕೊಳ್ಳಿ

ಎಲ್ಲದಕ್ಕೂ "ಯಾವುದೋ ಪ್ರಾಣಿ" ಎಂದರೆ ಪರಿಹಾರ ಸಿಗುವುದಿಲ್ಲ. ಹಗಲಲ್ಲಿ ಬರುವುದು ಮುಂಗುಸಿ, ಹದ್ದು, ಗರುಡ, ಕಾಗೆ, ಉಡ. ಹದ್ದು ಕಾಗೆಗಳಿಗೆ ದೊಡ್ಡ ಬಾತನ್ನು ಎತ್ತಲಾಗದು, ಆದರೆ ಮರಿ ಇದ್ದರೆ ಬಿಡುವುದಿಲ್ಲ. ರಾತ್ರಿಯ ಪಾಳಿ ಪುನುಗು ಬೆಕ್ಕು, ಹೆಬ್ಬಾವು, ನರಿ, ಹೆಗ್ಗಣಗಳದ್ದು. ಬೀದಿನಾಯಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ. ಸತ್ತರಿ ಕಡೆ ಕಾಡಂಚಿನ ಮನೆಯಾದರೆ ಚಿರತೆಯೂ ಇದೆ ಎಂದೇ ಲೆಕ್ಕ ಹಾಕಿ.

ಗುರುತು ಹೀಗೆ. ಹಿತ್ತಲ ತುಂಬ ರೆಕ್ಕೆಪುಕ್ಕ ಚೆಲ್ಲಿ, ಮೂರ್ನಾಲ್ಕು ಬಾತು ಸತ್ತುಬಿದ್ದು, ಒಂದನ್ನೂ ಸರಿಯಾಗಿ ತಿಂದಿಲ್ಲ ಎಂದರೆ ಸಾಮಾನ್ಯವಾಗಿ ನಾಯಿ. ಕುತ್ತಿಗೆ ತಲೆಗೆ ಕಚ್ಚಿದ ಗಾಯ ಮಾತ್ರ ಇದ್ದು ಮೈ ಅಲ್ಲೇ ಬಿದ್ದಿದ್ದರೆ, ಹಗಲಾದರೆ ಮುಂಗುಸಿ, ರಾತ್ರಿಯಾದರೆ ಪುನುಗು ಇರಬಹುದು. ಒಂದು ಪುಕ್ಕವೂ ಇಲ್ಲದೆ ಇಡೀ ಬಾತೇ ಮಾಯವಾಗಿದ್ದರೆ ನರಿ ಎತ್ತಿಕೊಂಡು ಹೋಗಿದೆ ಅಥವಾ ಹೆಬ್ಬಾವು ನುಂಗಿದೆ. ಮೊಟ್ಟೆ ಒಡೆದು ಸಿಪ್ಪೆ ಬಿದ್ದಿದ್ದರೆ ಮುಂಗುಸಿಯನ್ನೋ ಕಾಗೆಯನ್ನೋ ಅನುಮಾನಿಸಿ. ಸಿಪ್ಪೆಯೂ ಇಲ್ಲದಿದ್ದರೆ ಉಡ ಅಥವಾ ಹಾವು.

ಇವುಗಳಲ್ಲಿ ಯಾವುದನ್ನೂ ಹೊಡೆಯಲು ಹೋಗಬೇಡಿ, ವಿಷ ಇಡಬೇಡಿ, ಉರುಲು ಹಾಕಬೇಡಿ. ಹೆಬ್ಬಾವು, ಉಡ, ಮುಂಗುಸಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕೊಂದರೆ ಕೇಸು. ವಿಷ ಇಟ್ಟರಂತೂ ಪಕ್ಕದ ಮನೆಯ ನಾಯಿ, ಬೆಕ್ಕು, ಕೊನೆಗೆ ನಿಮ್ಮ ಬಾತೇ ತಿಂದು ಸಾಯುತ್ತದೆ. ಗಟ್ಟಿ ಗೂಡು ಇದ್ದರೆ ಇದ್ಯಾವುದೂ ಬೇಕಾಗುವುದಿಲ್ಲ.

2. ಜಾಗ ಆರಿಸಿ

ಸುಮ್ನೆ ನೆರಳಿದೆ ಅಂತ ತೆಂಗಿನ ಮರದ ಕೆಳಗೆ ಗೂಡು ಕಟ್ಟಬೇಡಿ. ಗಾಳಿಮಳೆಯಲ್ಲಿ ಒಂದು ಕಾಯಿ ಬಿದ್ದರೆ ತಗಡು ತೂತು, ಒಣಗಿದ ಗರಿ ಬಿದ್ದರೆ ಜಾಲರಿ ಕಿತ್ತುಬರುತ್ತದೆ, ಆ ರಾತ್ರಿಯೇ ಪುನುಗು ಒಳಗೆ ಇಳಿಯುತ್ತದೆ. ಹಲಸಿನ ಮರದ ಕೆಳಗೂ ಬೇಡ. ಮನೆಯ ಅಡುಗೆಕೋಣೆಯ ಕಿಟಕಿಯಿಂದ ಕಾಣುವ, ರಾತ್ರಿ ಗಲಾಟೆಯಾದರೆ ಕಿವಿಗೆ ಬೀಳುವ ಜಾಗ ಒಳ್ಳೆಯದು. ನೀರು ಮನೆ ಕಡೆಗಾಗಲೀ ಬಾವಿ ಕಡೆಗಾಗಲೀ ಹರಿಯದ ಇಳಿಜಾರು ಇರಲಿ. ಬಾತಿನ ಹಿಕ್ಕೆ ಬೆರೆತ ನೀರು ಕುಡಿಯುವ ಬಾವಿಗೆ ಇಳಿಯಲೇಬಾರದು. ಕಟ್ಟೆ ತಗ್ಗಾಗಿರುವ ಬಾವಿಗೆ ಜಾಲರಿ ಮುಚ್ಚಿ, ಮರಿಗಳು ಬೀಳುತ್ತವೆ.

ಮನೆ ಪಕ್ಕ ಖಾಜಾನ್ ಗದ್ದೆ ಇದ್ದರೆ ಬೇಲಿ ಹಾಕಲೇಬೇಕು. ಖಾಜಾನ್ ಅಂದರೆ ಒಡ್ಡು ಕಟ್ಟಿ, ಭರತದ ಉಪ್ಪುನೀರನ್ನು ತೂಬಿನಿಂದ ಹಿಡಿತದಲ್ಲಿಟ್ಟು ಮಾಡಿದ ತಗ್ಗು ಗದ್ದೆ. ಬಾತುಗಳಿಗೆ ಆ ಕೆಸರು ಕಂಡರೆ ಪ್ರಾಣ. ಆದರೆ ಉಪ್ಪುನೀರು ಮರಿಗಳಿಗೆ ವಿಷವಿದ್ದಂತೆ, ಜೊತೆಗೆ ಅಲ್ಲಿ ಯಾರು ಏನು ಔಷಧ ಹೊಡೆದಿದ್ದಾರೋ ಗೊತ್ತಾಗುವುದಿಲ್ಲ. ಕುಂಭಾರ್ಜುವಾ ಕಾಲುವೆಯ ಹತ್ತಿರದವರು ಬಾತುಗಳನ್ನು ಕಾಲುವೆಗೆ ಇಳಿಸಲೇಬೇಡಿ, ಅಲ್ಲಿ ಮೊಸಳೆಗಳಿವೆ.

3. ಗೂಡು ಕಟ್ಟಿ

ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ, ಬೇರೆ ಎಲ್ಲದರಲ್ಲೂ ಉಳಿಸಬಹುದು.

ರಾತ್ರಿ ಗೂಡಿಗೆ ಒಂದು ಬಾತಿಗೆ ನಾಲ್ಕು ಚದರ ಅಡಿ ಹಿಡಿಯಿರಿ. ಹತ್ತು ಬಾತಿಗೆ ಐದು ಅಡಿ ಅಗಲ, ಎಂಟು ಅಡಿ ಉದ್ದ ಸಾಕು. ಎತ್ತರ ಮಾತ್ರ ನೀವು ನೆಟ್ಟಗೆ ನಿಲ್ಲುವಷ್ಟು ಇರಲಿ, ಬಗ್ಗಿ ಒಳಗೆ ಹೋಗಬೇಕಾದ ಗೂಡನ್ನು ಯಾರೂ ದಿನಾ ಗುಡಿಸುವುದಿಲ್ಲ. ಕೆಂಪುಕಲ್ಲಿನ ನೆಲಗಟ್ಟು ಒಂದೂವರೆ ಅಡಿ ಎತ್ತರ ಎಬ್ಬಿಸಿ. ಮಳೆನೀರು ಒಳಗೆ ಬರುವುದಿಲ್ಲ, ಅಡಿಯಿಂದ ಕೊರೆಯುವ ಹೆಗ್ಗಣಕ್ಕೂ ದಾರಿ ಇರುವುದಿಲ್ಲ. ಹತ್ತಲು ಏಣಿ ಬೇಡ, ಬಾತು ಏಣಿ ಹತ್ತಲಾರದು. ಅಗಲವಾದ ಹಲಗೆಯನ್ನು ಓರೆಯಾಗಿಟ್ಟು ಮೇಲೆ ಅಡ್ಡಪಟ್ಟಿ ಹೊಡೆಯಿರಿ.

ಜಾಲರಿ ವಿಷಯದಲ್ಲೇ ಜಾಸ್ತಿ ಜನ ಎಡವುವುದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಆರು ಮೂಲೆಯ ಕಣ್ಣಿನ ಕೋಳಿ ಜಾಲರಿ ಒಳಗಿನದನ್ನು ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಹೊರಗಿನಿಂದ ನಾಯಿ ಹಲ್ಲಲ್ಲಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಸಾಲದ್ದಕ್ಕೆ ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ನಿಮಗೆ ಬೇಕಾದ್ದು ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಹೆಣೆಯದೆ ಒಂದಕ್ಕೊಂದು ಬೆಸುಗೆ ಹಾಕಿದ ಗಟ್ಟಿ ಜಾಲರಿ. ಅರ್ಧ ಇಂಚಿನ ಕಣ್ಣಿರಲಿ. ಕರಾವಳಿಗೆ ಹತ್ತಿರವಿದ್ದರೆ ಪಿವಿಸಿ ಹೊದಿಕೆ ಇರುವುದನ್ನು ಕೇಳಿ. ಮೊಳೆ ಬಗ್ಗಿಸಿ ಸಿಕ್ಕಿಸಿದರೆ ಸಾಲದು, ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿ. ಪೂರ್ತಿ ಜಾಲರಿಯ ಗೋಡೆ ಬೇಡ. ಕೆಳಗಿನ ಎರಡಡಿ ಕಲ್ಲೋ ಹಲಗೆಯೋ ಇರಲಿ. ಬಾತು ಜಾಲರಿಗೆ ಒರಗಿ ಮಲಗಿದರೆ ಹೊರಗಿನಿಂದ ಬೆಕ್ಕು, ಪುನುಗು ಪಂಜ ಹಾಕಿ ಗಾಯ ಮಾಡುತ್ತವೆ. ಗಾಳಿಯಾಡುವ ಜಾಲರಿ ಅವುಗಳ ತಲೆಗಿಂತ ಮೇಲಿರಬೇಕು.

ಹಗಲು ಓಡಾಡುವ ಬೇಲಿಗೆ ಅಡಿಯಲ್ಲಿ ಸೆರಗು ಬಿಡಿ. ಜಾಲರಿಯನ್ನು ಬೇಲಿಯ ಬುಡದಿಂದ ಹೊರಗಡೆಗೆ ಒಂದೂವರೆ ಎರಡಡಿ ನೆಲದ ಮೇಲೆ ಹಾಸಿ, ಮೇಲೆ ಮಣ್ಣು ಕಲ್ಲು ಹೇರಿ. ನಾಯಿಯಾಗಲಿ ಮುಂಗುಸಿಯಾಗಲಿ ಬೇಲಿಯ ಬುಡದಲ್ಲೇ ಕೆರೆಯಲು ಶುರು ಮಾಡುತ್ತದೆ, ಕಾಲಿಗೆ ಜಾಲರಿ ಸಿಗುತ್ತದೆ, ಬಿಟ್ಟು ಹೋಗುತ್ತದೆ. ಹದ್ದು ಕಾಗೆಗೆ ಮೇಲೆ ಶೇಡ್ ನೆಟ್ ಕಟ್ಟಿದರೆ ಸಾಕು, ಬೇಸಿಗೆಯಲ್ಲಿ ನೆರಳೂ ಆಗುತ್ತದೆ.

ಈಗ ಬಾಗಿಲು. ಒಂದೇ ಚಿಲಕವಾದರೆ ಮಂಗ ತೆಗೆಯುತ್ತದೆ, ನಾಯಿ ತಳ್ಳಿದರೆ ಅಲುಗಾಡಿ ಬಿಚ್ಚುತ್ತದೆ. ಮೇಲೊಂದು ಕೆಳಗೊಂದು ಹಾಕಿ, ಒಂದಕ್ಕೆ ಸಣ್ಣ ಬೀಗ ಅಥವಾ ಕೊಕ್ಕೆ ಇರಲಿ. ಬಾಗಿಲ ಕೆಳಗಿನ ಸಂದು, ತಗಡಿನ ಅಲೆಗಳ ತುದಿಯಲ್ಲಿ ಉಳಿಯುವ ತೂತು, ನೆಲ ತೊಳೆದ ನೀರು ಹೋಗಲು ಬಿಟ್ಟ ಪೈಪು, ಈ ಮೂರನ್ನು ಮರೆಯುವವರೇ ಹೆಚ್ಚು. ಹಾವು ಹೆಗ್ಗಣ ಬರುವುದು ಆ ಪೈಪಿನಿಂದಲೇ. ಅದರ ಬಾಯಿಗೂ ಜಾಲರಿ ಕಟ್ಟಿ. ಕೆಲಸ ಮುಗಿದ ಮೇಲೆ ರಾತ್ರಿ ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಿ, ಇನ್ನೊಬ್ಬರು ಹೊರಗಿನಿಂದ ಸುತ್ತು ಬನ್ನಿ. ಬೆಳಕು ಎಲ್ಲೆಲ್ಲಿ ಸಂದಿನಿಂದ ಹೊರಬರುತ್ತದೋ ನೋಡಿ, ಜಾಲರಿ ಬಿಟ್ಟು ಉಳಿದ ಕಡೆ ಅರ್ಧ ಇಂಚಿಗಿಂತ ದೊಡ್ಡದಾದ ಯಾವ ಸಂದನ್ನೂ ಹಾಗೇ ಬಿಡಬೇಡಿ.

ಇನ್ನೊಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಜಾಲರಿ ಕತ್ತರಿಸಿದಾಗ ಬೀಳುವ ತಂತಿಯ ತುಂಡು, ಮೊಳೆ, ಸ್ಕ್ರೂ ಹೊಳೆಯುತ್ತವೆ, ಅಲ್ವಾ? ಬಾತು ಹೊಳೆಯುವುದನ್ನೆಲ್ಲ ಎತ್ತಿ ನುಂಗುತ್ತದೆ. ತಂತಿಯ ಮೇಲಿನ ಸತು ಹೊಟ್ಟೆಯಲ್ಲಿ ಕರಗಿ ವಿಷವಾಗುತ್ತದೆ, ಚೂಪು ತುದಿ ಒಳಗೇ ಚುಚ್ಚುತ್ತದೆ. ಕೆಲಸ ಮಾಡಿದ ಜಾಗದಲ್ಲೆಲ್ಲ ಅಯಸ್ಕಾಂತ ಎಳೆದಾಡಿ ಒಂದೊಂದು ತುಂಡನ್ನೂ ಆರಿಸಿದ ಮೇಲೆಯೇ ಬಾತು ಬಿಡಿ.

4. ಸಂಜೆ ಒಳಗೆ ಹಾಕುವ ರೂಢಿ ಮಾಡಿಸಿ

ಬಾತುಗಳು ಉಳಿಯುವುದೂ ಹೋಗುವುದೂ ಈ ಅರ್ಧ ಗಂಟೆಯಲ್ಲೇ. ಸೂರ್ಯ ಮುಳುಗುವ ಮೊದಲೇ, ಕಣ್ಣಿಗೆ ಎಲ್ಲ ಕಾಣುವಾಗಲೇ ಒಳಗೆ ಹಾಕಿ. ಕತ್ತಲಾದ ಮೇಲೆ ಅಟ್ಟಲು ಹೋದರೆ ಗಾಬರಿಯಾಗಿ ದಿಕ್ಕಾಪಾಲಾಗುತ್ತವೆ.

ಹೊಸದಾಗಿ ತಂದ ಬಾತುಗಳನ್ನು ಮೊದಲ ಒಂದು ವಾರ ಗೂಡು ಮತ್ತು ಅದಕ್ಕೆ ತಗುಲಿದ ಸಣ್ಣ ಬೇಲಿಯೊಳಗೇ ಇಡಿ. ಇದೇ ನಮ್ಮ ಜಾಗ ಅಂತ ಅವಕ್ಕೆ ಮನದಟ್ಟಾಗಬೇಕು. ಸಂಜೆಯ ಮೇವು ಗೂಡಿನೊಳಗೆ ಮಾತ್ರ, ದಿನಾ ಒಂದೇ ಹೊತ್ತಿಗೆ. ಮೇವಿನ ಡಬ್ಬ ಬಡಿಯುವ ಸದ್ದು ಕೇಳಿದರೆ ಕೆಲವೇ ದಿನಗಳಲ್ಲಿ ತಾವೇ ಸಾಲು ಹಿಡಿದು ಬರುತ್ತವೆ. ಬರದಿದ್ದರೆ ಉದ್ದನೆಯ ಎರಡು ಕೋಲು ತೆಗೆದುಕೊಂಡು, ಎರಡೂ ಕೈ ಅಗಲಿಸಿ, ಹಿಂದಿನಿಂದ ನಿಧಾನವಾಗಿ ನಡೆಯಿರಿ. ಕೋಲು ಹೊಡೆಯಲು ಅಲ್ಲ, ನಿಮ್ಮ ತೋಳು ಉದ್ದವಾಗಲು. ಬಾತು ಒಂಟಿಯಾಗಿ ಓಡುವುದಿಲ್ಲ, ಮುಂದಿನದು ತಿರುಗಿದ ಕಡೆ ಎಲ್ಲವೂ ತಿರುಗುತ್ತವೆ. ಆ ಮುಂದಿನದನ್ನು ಬಾಗಿಲಿಗೆ ಮುಟ್ಟಿಸಿದರೆ ಕೆಲಸ ಮುಗಿಯಿತು. ಓಡಿಸಬೇಡಿ, ಕಾಲು ಹಿಡಿದು ಎತ್ತಲೇಬೇಡಿ. ಅವುಗಳ ಕಾಲು ಸೂಕ್ಷ್ಮ, ಒಂದು ಸಲ ಉಳುಕಿದರೆ ವಾರಗಟ್ಟಲೆ ಕುಂಟುತ್ತವೆ. ಎತ್ತಬೇಕಾದರೆ ಎರಡೂ ಕೈಯಿಂದ ರೆಕ್ಕೆ ಸೇರಿಸಿ ಮೈ ಹಿಡಿಯಿರಿ.

ಒಳಗೆ ಹಾಕಿದ ಮೇಲೆ ಎಣಿಸಿ. ಚಿಲಕ ಹಾಕುವ ಮೊದಲು ಮೂಲೆಗಳನ್ನು ಟಾರ್ಚಿನಲ್ಲಿ ನೋಡಿ, ಹಗಲೇ ಒಳಗೆ ಸೇರಿದ ಹಾವಿನ ಜೊತೆ ಬಾತುಗಳನ್ನು ಕೂಡಿಹಾಕಿದ ಹಾಗಾಗಬಾರದು. ತಾನಾಗಿ ಮುಚ್ಚುವ ಬಾಗಿಲುಗಳು ಈಗ ಬಂದಿವೆ, ಹಾಕಿಸಿಕೊಳ್ಳಿ ಬೇಕಾದರೆ, ಆದರೆ ಅವು ಎಣಿಸುವುದಿಲ್ಲ. ಊರಿಗೆ ಯುಗಾದಿಗೋ ಜಾತ್ರೆಗೋ ಹೋಗುವಾಗ ಪಕ್ಕದ ಮನೆಯವರಿಗೆ "ಸ್ವಲ್ಪ ನೋಡಿಕೊಳ್ಳಿ" ಎಂದು ಕೀಲಿ ಕೊಟ್ಟರೆ ಸಾಲದು. ಮೊದಲೇ ಎರಡು ಮೂರು ಸಂಜೆ ಅವರ ಕೈಯಲ್ಲೇ ಈ ಕೆಲಸ ಮಾಡಿಸಿ.

ಬೆಳಿಗ್ಗೆ ಬೇಗ ಬಿಡುವ ಅವಸರ ಬೇಡ. ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ನಸುಕಿನಿಂದ ಎಂಟು ಒಂಬತ್ತು ಗಂಟೆಯೊಳಗೆ. ಅಲ್ಲಿವರೆಗೆ ಒಳಗಿದ್ದರೆ ಮೊಟ್ಟೆ ಹೊಟ್ಟಿನ ಮೇಲೆ ಸಿಗುತ್ತದೆ. ಬೇಗ ಬಿಟ್ಟರೆ ಪೊದೆಯಲ್ಲೋ ನೀರಲ್ಲೋ ಇಟ್ಟು ಬರುತ್ತವೆ, ಆ ಮೊಟ್ಟೆಗಳೇ ಹಾವು, ಉಡಗಳನ್ನು ಹಿತ್ತಲಿಗೆ ಕರೆಯುತ್ತವೆ.

ಚೌತಿಯ ಪಟಾಕಿ, ದೀಪಾವಳಿಯ ಹಿಂದಿನ ರಾತ್ರಿಯ ನರಕಾಸುರನ ಗದ್ದಲ ಗೋವಾದಲ್ಲಿ ಜೋರು. ಬಾತು ಬೆದರಿದರೆ ಒಂದು ಮೂಲೆಗೆ ಒತ್ತರಿಸಿ ಒಂದರ ಮೇಲೊಂದು ಬೀಳುತ್ತವೆ, ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಆ ದಿನಗಳಲ್ಲಿ ಬೇಗ ಒಳಗೆ ಹಾಕಿ, ರಸ್ತೆ ಕಡೆಯ ಜಾಲರಿಗೆ ಗೋಣಿಚೀಲ ಇಳಿಬಿಡಿ, ಒಳಗೊಂದು ಮಂದ ದೀಪ ಇರಲಿ.

5. ನೀರು

ಕೆರೆ ಬೇಕಿಲ್ಲ. ಆದರೆ ತಲೆ ಪೂರ್ತಿ ಮುಳುಗುವಷ್ಟು ಆಳದ ನೀರು ಬೇಕೇ ಬೇಕು. ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳುವುದು ಹಾಗೆಯೇ, ಇಲ್ಲದಿದ್ದರೆ ಕಣ್ಣಲ್ಲಿ ಪಿಸುರು ಕಟ್ಟಿ ಸೋಂಕಾಗುತ್ತದೆ. ಬಾತು ಒಂದು ಬಾಯಿ ಮೇವು ತಿಂದು ಒಂದು ಸಲ ಕೊಕ್ಕು ನೀರಿಗೆ ಅದ್ದುತ್ತದೆ. ಹತ್ತಿರ ನೀರಿಲ್ಲದೆ ಒಣ ಮೇವು ಹಾಕಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಟಬ್ಬಿನೊಳಗೆ ಒಂದೆರಡು ಕಲ್ಲು ಇಡಿ, ಹತ್ತಿ ಹೊರಬರಲಿ. ನೀರನ್ನು ದಿನಾ ಚೆಲ್ಲಿ ಹೊಸದು ತುಂಬಿ. ಕೊಳಕು ಒಂದು ಕಾರಣ, ಸೊಳ್ಳೆ ಇನ್ನೊಂದು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಷ್ಟು ಸಮಯ ಸಾಕು. ಚೆಲ್ಲಿದ ನೀರು ಬಾಳೆ, ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ.

6. ಮೇವು

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ವಿಜಯಪುರದ ಕಡೆಗಿಂತ ನಾಲ್ಕೈದು ಪಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇವಿನ ಚೀಲಕ್ಕೆ ಬೂಷ್ಟು ಹಿಡಿಯುವುದೇ ದೊಡ್ಡ ಅಪಾಯ. ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಕೋಳಿ ತಾಳಿಕೊಳ್ಳುವಷ್ಟನ್ನೂ ಬಾತು ತಾಳುವುದಿಲ್ಲ. ಮೆಕ್ಕೆಜೋಳ, ಶೇಂಗಾ ಹಿಂಡಿಯಲ್ಲಿ ಇದು ಜಾಸ್ತಿ. ಬೇಯಿಸಿದರೂ ಹೋಗುವುದಿಲ್ಲ, ಬಿಸಿಲಿಗೆ ಒಣಗಿಸಿದರೂ ಒಳಗಿನ ವಿಷ ಉಳಿದೇ ಇರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ, ಮುಚ್ಚಳದ ಡ್ರಮ್ಮಿನಲ್ಲಿ, ನೆಲದಿಂದ ಎತ್ತರಕ್ಕಿಡಿ. ಮುಗ್ಗಲು ವಾಸನೆ ಬಂದರೆ ಅಥವಾ ಗಂಟುಗಟ್ಟಿದ್ದರೆ ಯೋಚನೆ ಮಾಡದೆ ಚೆಲ್ಲಿ.

ಮನೆಯ ಉಳಿಕೆ ಹಾಕುವವರು ಉಪ್ಪಿನ ಮೇಲೆ ಗಮನವಿಡಿ. ಒಣಮೀನು, ಉಪ್ಪಿನಕಾಯಿ, ಮೀನು ಸಾರಿನ ಅನ್ನ ಬೇಡ. ಬ್ರೆಡ್ಡು, ಪಾವ್ ಹೊಟ್ಟೆ ತುಂಬಿಸುತ್ತದೆ, ಸತ್ವ ಏನೂ ಇಲ್ಲ. ಸೊಪ್ಪು, ನುಚ್ಚು, ತೌಡು, ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಧಾರಾಳವಾಗಿ ಕೊಡಿ.

7. ಮರಿಗಳಿದ್ದರೆ

ಹೆಚ್ಚಿನ ತಳಿಗಳಲ್ಲಿ 28 ದಿನಕ್ಕೆ ಮರಿಯಾಗುತ್ತದೆ, ಮಸ್ಕೋವಿಯಲ್ಲಿ 35 ದಿನ. ತಾಯಿಯಿಲ್ಲದ ಮರಿಗೆ ಮೊದಲ ವಾರ 30 ಡಿಗ್ರಿ ಆಸುಪಾಸಿನ ಬಿಸಿ ಬೇಕು, ಆಮೇಲೆ ವಾರವಾರ ಸ್ವಲ್ಪ ಇಳಿಸಿ. ದೀಪದ ಕೆಳಗೇ ಗುಂಪುಗಟ್ಟಿದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ. ಬಾತುಮರಿ ಅಂತ ನೀರಿಗೆ ಬಿಡಬೇಡಿ! ತಾಯಿಯ ಮೈಯಿಂದ ಪುಕ್ಕಕ್ಕೆ ಹತ್ತುವ ಎಣ್ಣೆ ಇವಕ್ಕೆ ಸಿಕ್ಕಿರುವುದಿಲ್ಲ. ನೆನೆದು, ನಡುಗಿ, ಮುಳುಗುತ್ತವೆ.

ಕೋಳಿಮರಿಗಿಂತ ಇವಕ್ಕೆ ನಯಾಸಿನ್ ಜಾಸ್ತಿ ಬೇಕು. ಅದು ಬಿ ಗುಂಪಿನ ಒಂದು ವಿಟಮಿನ್. ಬರೀ ಕೋಳಿಮರಿ ಮೇವಿನಲ್ಲಿ ಬೆಳೆಸಿದರೆ ಕಾಲು ಸೊಟ್ಟಗಾಗಿ ಕೂತಲ್ಲೇ ಕೂರುತ್ತವೆ. ಬ್ರೂವರ್ಸ್ ಯೀಸ್ಟ್ ಬೆರೆಸಿದರೆ ಆಗುತ್ತದೆ, ಪ್ರಮಾಣವನ್ನು ಪಶುವೈದ್ಯರ ಹತ್ತಿರ ಕೇಳಿ.

8. ಹಾಸು, ಗುಂಪು, ಕಾಲು

ನೆಲಕ್ಕೆ ನಾಲ್ಕೈದು ಇಂಚು ದಪ್ಪ ಭತ್ತದ ಹೊಟ್ಟು ಹಾಸಿ, ದಿನಾ ಕೆದಕಿ, ಒದ್ದೆಯಾದದ್ದನ್ನು ತೆಗೆದು ಒಣದು ಹಾಕಿ. ನಿಂತು ಮೂಸಿದರೆ ಗೊತ್ತಾಗುವುದಿಲ್ಲ, ಗೂಡಿನೊಳಗೆ ಕುಕ್ಕರಗಾಲಲ್ಲಿ ಕೂತು ಬಾತಿನ ತಲೆಯ ಎತ್ತರದಲ್ಲಿ ಉಸಿರೆಳೆದುಕೊಳ್ಳಿ. ಮೂಗು ಚುರುಗುಟ್ಟಿದರೆ ರಾತ್ರಿಯಿಡೀ ಅವು ಉಸಿರಾಡುತ್ತಿರುವುದು ಅಮೋನಿಯಾ. ಅಂಗಾಲಲ್ಲಿ ಕಪ್ಪು ಗಂಟು, ಬಾವು ಕಂಡರೆ ಹಾಸು ಒದ್ದೆ ಅಥವಾ ನೆಲ ಒರಟು ಅಂತ ಅರ್ಥ.

ಒಂದು ಗಂಡಿಗೆ ನಾಲ್ಕರಿಂದ ಆರು ಹೆಣ್ಣು ಇರಲಿ. ಗಂಡು ಜಾಸ್ತಿಯಾದರೆ ಹೆಣ್ಣುಗಳ ಕುತ್ತಿಗೆ ಬೆನ್ನು ಕಿತ್ತುಹಾಕುತ್ತವೆ, ನೀರಲ್ಲಿ ಒತ್ತಿ ಮುಳುಗಿಸಿಯೂ ಬಿಡುತ್ತವೆ. ಬಾಲದ ಮೇಲೆ ಸುರುಳಿ ಪುಕ್ಕ ಇದ್ದರೆ ಗಂಡು.

9. ರೋಗ

ಸಂತೆಯಿಂದ ತಂದ ಹೊಸ ಬಾತನ್ನು ಅದೇ ದಿನ ಗುಂಪಿಗೆ ಸೇರಿಸಬೇಡಿ. ಎರಡು ಮೂರು ವಾರ ದೂರದಲ್ಲಿ, ಬೇರೆ ನೀರು ಬೇರೆ ಮೇವಿನಲ್ಲಿ ಇಡಿ. ಡಕ್ ಪ್ಲೇಗ್‌ಗೆ ಲಸಿಕೆ ಇದೆ. ಇದು ಗುಂಪುಗುಂಪಾಗಿ ಸಾಯಿಸುವ ವೈರಸ್ ರೋಗ. ಮರಿಗೆ ಎರಡು ತಿಂಗಳಾಗುವಾಗ ಪಶು ಆಸ್ಪತ್ರೆಗೆ ಹೋಗಿ ವಿಚಾರಿಸಿ.

ಹಕ್ಕಿಜ್ವರದ ವಿಷಯದಲ್ಲಿ ಬಾತು ಸಾಕುವವರ ಹೊಣೆ ದೊಡ್ಡದು. ಭಾರತದಲ್ಲಿ ಇದು ಮೊದಲು ಕಂಡದ್ದು 2006ರಲ್ಲಿ, ನಮ್ಮ ಪಕ್ಕದ ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ. ಬಾತು ಮೇಲೆ ಚೆನ್ನಾಗಿಯೇ ಕಾಣುತ್ತಾ ವೈರಸ್ ಹೊತ್ತುಕೊಂಡಿರಬಹುದು. ಚಳಿಗಾಲದಲ್ಲಿ ಕರಂಬೊಳಿ ಕೆರೆಯಂಥ ಕಡೆ ವಲಸೆ ಬಾತುಗಳು ಇಳಿಯುತ್ತವೆ. ಆ ತಿಂಗಳುಗಳಲ್ಲಿ ನಿಮ್ಮ ಬಾತುಗಳನ್ನು ಕೆರೆಗೆ ಬಿಡಬೇಡಿ, ಮೇವನ್ನು ಬಯಲಲ್ಲಿ ಚೆಲ್ಲಬೇಡಿ. ಒಮ್ಮೆಲೇ ಎರಡು ಮೂರು ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ತಿನ್ನಬೇಡಿ, ಹಳ್ಳಕ್ಕೆ ಎಸೆಯಬೇಡಿ, ಉಳಿದವನ್ನು ಅವಸರಕ್ಕೆ ಮಾರಬೇಡಿ. ಪಶುಸಂಗೋಪನೆ ಇಲಾಖೆಗೆ ತಿಳಿಸಿ.

ನಿಮ್ಮ ಆರೋಗ್ಯವೂ ಮುಖ್ಯ. ಮೊಟ್ಟೆ ಪೂರ್ತಿ ಬೇಯಿಸಿ ತಿನ್ನಿ, ಮಕ್ಕಳು ಬಾತು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ಚೆಲ್ಲಿದ ಮೇವಿಗೆ ಇಲಿ ಬರುತ್ತದೆ, ಮಳೆಗಾಲದಲ್ಲಿ ಇಲಿಜ್ವರ ಬರುವುದು ಅದರ ಉಚ್ಚೆ ಬೆರೆತ ನೀರಿನಿಂದ. ಹಿತ್ತಲ ಕೆಸರಿಗೆ ಬರಿಗಾಲಲ್ಲಿ ಇಳಿಯದೆ ಗಂಬೂಟು ಹಾಕಿಕೊಳ್ಳಿ.

10. ದಾಳಿಯಾಗಿಬಿಟ್ಟರೆ

ಒಮ್ಮೆ ಬಾತಿನ ರುಚಿ ಕಂಡ ಪ್ರಾಣಿ ಮರುದಿನವೂ ಬರುತ್ತದೆ. ಆ ಸಂಜೆಯೊಳಗೆ ಅದು ನುಗ್ಗಿದ ಸಂದು ಹುಡುಕಿ ಮುಚ್ಚಿ, ಆಗದಿದ್ದರೆ ಅಂದು ರಾತ್ರಿ ಬಾತುಗಳನ್ನು ಬಚ್ಚಲಲ್ಲೋ ವರಾಂಡದಲ್ಲೋ ಕೂಡಿಹಾಕಿ. ಗೂಡಿನೊಳಗೆ ಬಾತು ನುಂಗಿದ ಹೆಬ್ಬಾವು ಹೊಟ್ಟೆ ದಪ್ಪವಾಗಿ ಬಂದ ಸಂದಿನಿಂದ ಹೊರಹೋಗಲಾಗದೆ ಅಲ್ಲೇ ಇರಬಹುದು. ಕೋಲು ಹಾಕಬೇಡಿ. ಉಳಿದ ಬಾತುಗಳನ್ನು ಹೊರಗೆ ತಂದು, ಬಾಗಿಲು ಮುಚ್ಚಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಚ್ಚಿಸಿಕೊಂಡ ಬಾತಿನ ಗಾಯ ಪುಕ್ಕದ ಕೆಳಗೆ ಅಡಗಿರುತ್ತದೆ. ಪುಕ್ಕ ಬಿಡಿಸಿ ನೋಡಿ, ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ನೊಣ ಕೂರದಂತೆ ಒಳಗಿಟ್ಟು, ಅಂದೇ ಪಶುವೈದ್ಯರಿಗೆ ತೋರಿಸಿ. ಉಳಿದವು ಹೆದರಿ ಕೆಲವು ದಿನ ಮೊಟ್ಟೆ ನಿಲ್ಲಿಸಬಹುದು, ಅದಕ್ಕೆ ಚಿಂತೆ ಬೇಡ. ಒಂದೇ ಒಂದು ಉಳಿದಿದ್ದರೆ ಮಾತ್ರ ಅದನ್ನು ಒಂಟಿಯಾಗಿ ಬಹಳ ದಿನ ಇಡಬೇಡಿ, ಮೇವು ಬಿಟ್ಟು ಕೂಗುತ್ತಲೇ ಇರುತ್ತದೆ. ಗೂಡು ಸರಿಯಾದ ಕೂಡಲೇ ಎರಡು ಜೊತೆಗಾರರನ್ನು ತನ್ನಿ, ಆ ಎರಡು ಮೂರು ವಾರದ ಬೇರೆ ಇಡುವ ನಿಯಮ ಮುಗಿಯುವವರೆಗೆ ಒಂದರ ಕೂಗು ಇನ್ನೊಂದಕ್ಕೆ ಕೇಳುವಷ್ಟು ದೂರದಲ್ಲಿ ಇಟ್ಟಿರಿ.